ಷೇರ್‌ವೇರ್ ಮತ್ತು ಸ್ವತಂತ್ರ ತಂತ್ರಾಂಶಗಳ ಮರುಮಾರಾಟ: ನೈತಿಕ ಪ್ರಶ್ನೆಗಳು

ಒಬ್ಬರು ಬರೆದು ಉಚಿತವಾಗಿ ಹಂಚಿದ, ಇಲ್ಲವೆ ‘ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕೊಡಿ’ ಎಂಬ ಕರಾರಿನ ಮೇಲೆ ಬಿಟ್ಟ ತಂತ್ರಾಂಶವನ್ನು ಬೇರೊಂದು ಸಂಸ್ಥೆ ಬೆಲೆ ಕಟ್ಟಿ ಮಾರುವ ವ್ಯವಹಾರಕ್ಕೆ ಮರುಮಾರಾಟ ಎನ್ನುತ್ತಾರೆ. ಫ್ಲಾಪಿ ಡಿಸ್ಕ್‌ಗಳ ಕಾಲದಲ್ಲಿ ಅಮೆರಿಕದಲ್ಲಿ ಶುರುವಾದ ಈ ವ್ಯಾಪಾರ ಸಿ.ಡಿ., ಡೌನ್‌ಲೋಡ್ ತಾಣ, ಆ್ಯಪ್ ಸ್ಟೋರ್‌ಗಳನ್ನು ದಾಟಿ ಇಂದು ಕ್ಲೌಡ್ ಸೇವೆಗಳವರೆಗೆ ಬಂದಿದೆ. ಇದರಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬ ವಾದವೂ ಅಷ್ಟೇ ಹಳೆಯದು.

ಮರುಮಾರಾಟಕ್ಕೆ ಸಿಗುವ ತಂತ್ರಾಂಶಗಳಲ್ಲಿ ಎರಡು ಬಗೆ. ಮೊದಲನೆಯದು ಷೇರ್‌ವೇರ್. ಇದರ ಹಕ್ಕುಸ್ವಾಮ್ಯ ಲೇಖಕನದೇ. ನಕಲು ಮಾಡಿ ಹಂಚಲು ಆತ ಬಿಟ್ಟಿರುತ್ತಾನೆ, ಆದರೆ ನಿಯಮಿತವಾಗಿ ಬಳಸುವವರು ಹಣ ಕಟ್ಟಬೇಕು. ಎರಡನೆಯದು ಸ್ವತಂತ್ರ ತಂತ್ರಾಂಶ. ಇದನ್ನು ಬಳಸುವ, ಅಧ್ಯಯನ ಮಾಡುವ, ತಿದ್ದುವ ಮತ್ತು ಹಂಚುವ ಹಕ್ಕನ್ನು ಲೇಖಕನೇ ಪರವಾನಗಿಯ ಮೂಲಕ ಎಲ್ಲರಿಗೂ ಕೊಟ್ಟಿರುತ್ತಾನೆ. ಮಾರುವ ಹಕ್ಕೂ ಅದರಲ್ಲೇ ಸೇರಿದೆ. ಹೀಗಾಗಿ ಎರಡರಲ್ಲೂ ಮರುಮಾರಾಟದ ತಪ್ಪು ಒಂದೇ ಬಗೆಯದಲ್ಲ. ಷೇರ್‌ವೇರ್‌ನಲ್ಲಿ ಮುಖ್ಯವಾಗಿ ಪೆಟ್ಟು ಬೀಳುವುದು ಬರೆದವನಿಗೆ. ಸ್ವತಂತ್ರ ತಂತ್ರಾಂಶದಲ್ಲಿ ಹೆಚ್ಚಿನ ಸಲ ಮೋಸ ಹೋಗುವವನು ಕೊಂಡವನು.

ಷೇರ್‌ವೇರ್‌ನ ಹುಟ್ಟು

1982ರಲ್ಲಿ ಆ್ಯಂಡ್ರೂ ಫ್ಲೂಗಲ್‌ಮನ್ ಪಿಸಿ-ಟಾಕ್ ಎಂಬ ಸಂಪರ್ಕ ತಂತ್ರಾಂಶವನ್ನೂ ಜಿಮ್ ನಾಫ್ ಪಿಸಿ-ಫೈಲ್ ಎಂಬ ದತ್ತಸಂಚಯ ತಂತ್ರಾಂಶವನ್ನೂ ಹೊರತಂದರು. ಅಂಗಡಿ, ಜಾಹೀರಾತು, ದಲ್ಲಾಳಿ ಯಾವುದೂ ಇಲ್ಲದೆ ಪ್ರತಿಗಳು ಕೈಯಿಂದ ಕೈಗೆ ಹರಿಯಬೇಕು, ಮೆಚ್ಚಿದವರು ಅಂಚೆಯಲ್ಲಿ ಹಣ ಕಳುಹಿಸಬೇಕು ಎಂಬುದು ಇಬ್ಬರ ಲೆಕ್ಕಾಚಾರವಾಗಿತ್ತು. ಮೈಕ್ರೋಸಾಫ್ಟ್‌ನ ಆರಂಭದ ನೌಕರರಲ್ಲಿ ಒಬ್ಬರಾದ ಬಾಬ್ ವಾಲೆಸ್ 1983ರಲ್ಲಿ ಕ್ವಿಕ್‌ಸಾಫ್ಟ್ ಎಂಬ ತಮ್ಮದೇ ಸಂಸ್ಥೆ ಕಟ್ಟಿ ಪಿಸಿ-ರೈಟ್ ಎಂಬ ಪದಸಂಸ್ಕಾರಕವನ್ನು ಇದೇ ದಾರಿಯಲ್ಲಿ ಹಂಚಿದರು. 75 ಡಾಲರ್ ಕಟ್ಟಿ ನೋಂದಾಯಿಸಿಕೊಂಡವರಿಗೆ ಮುದ್ರಿತ ಕೈಪಿಡಿ ಮತ್ತು ಫೋನಿನಲ್ಲಿ ನೆರವು ಸಿಗುತ್ತಿತ್ತು. ಅವರ ಪ್ರತಿಯಿಂದ ನಕಲು ಪಡೆದ ಇನ್ನೊಬ್ಬರು ನೋಂದಾಯಿಸಿದರೆ ಮೊದಲಿನವರಿಗೆ 25 ಡಾಲರ್ ಕಮಿಷನ್ ಬರುತ್ತಿತ್ತು. ನಕಲು ಮಾಡುವುದನ್ನು ಕಳ್ಳತನವೆಂದು ಉದ್ಯಮವೆಲ್ಲ ದೂರುತ್ತಿದ್ದಾಗ ವಾಲೆಸ್ ಅದನ್ನೇ ಮಾರಾಟದ ಬಲವನ್ನಾಗಿ ಮಾಡಿಕೊಂಡರು.

ಈ ಪದ್ಧತಿ ನಿಂತಿದ್ದು ನಂಬಿಕೆಯ ಮೇಲೆ. ಬಳಸಿದವನು ಹಣ ಕಟ್ಟುತ್ತಾನೆ ಎಂದು ಲೇಖಕ ನಂಬಬೇಕು. ಹಣ ಕಟ್ಟಬೇಕೆಂಬ ಸಂಗತಿ ಬಳಸುವವನಿಗೆ ಗೊತ್ತಿರಬೇಕು. ನಡುವೆ ಮಾರಾಟಗಾರ ಬಂದಾಗ ಬಿರುಕು ಬಿಟ್ಟದ್ದು ಈ ಎರಡನೆಯ ಕೊಂಡಿಯಲ್ಲಿ.

ಡಿಸ್ಕ್ ಮಾರಾಟಗಾರರು

ಮೋಡೆಮ್‌ಗಳು ನಿಧಾನವಾಗಿದ್ದ, ದೂರದ ಕರೆಗಳು ದುಬಾರಿಯಾಗಿದ್ದ ಆ ದಿನಗಳಲ್ಲಿ ಷೇರ್‌ವೇರ್ ಸಂಗ್ರಹಿಸಿ, ಪಟ್ಟಿ ಅಚ್ಚುಹಾಕಿ, ಒಂದೊಂದು ಫ್ಲಾಪಿಯನ್ನು ಕೆಲವೇ ಡಾಲರ್‌ಗಳಿಗೆ ಅಂಚೆಯಲ್ಲಿ ಕಳುಹಿಸುವ ಸಂಸ್ಥೆಗಳು ಹುಟ್ಟಿಕೊಂಡವು. ಪಿಸಿ-ಸಿಗ್ ಇವುಗಳಲ್ಲಿ ಹೆಸರುವಾಸಿಯಾದದ್ದು. ಇವುಗಳಿಂದ ಲೇಖಕರಿಗೆ ನಿಜವಾದ ಉಪಕಾರವಿತ್ತು. ಮೋಡೆಮ್ ಇಲ್ಲದವರ ಮನೆಗೂ ಅವರ ಕೆಲಸ ತಲುಪುತ್ತಿತ್ತು. ಡಿಸ್ಕ್, ನಕಲು, ಅಂಚೆ, ಪಟ್ಟಿಯ ಮುದ್ರಣ ಇವಕ್ಕೆಲ್ಲ ಖರ್ಚಿರುವುದರಿಂದ ಅದಕ್ಕೊಂದು ಶುಲ್ಕ ತೆಗೆದುಕೊಳ್ಳುವುದನ್ನು ಯಾರೂ ಆಕ್ಷೇಪಿಸಲಿಲ್ಲ.

ಆಕ್ಷೇಪ ಬಂದದ್ದು ಗ್ರಾಹಕನ ತಿಳಿವಳಿಕೆಯ ವಿಷಯದಲ್ಲಿ. ಡಿಸ್ಕಿಗೆ ಹಣ ಕೊಟ್ಟವನು ತಂತ್ರಾಂಶಕ್ಕೇ ಹಣ ಕೊಟ್ಟೆನೆಂದು ತಿಳಿದು, ಮತ್ತೆ ಲೇಖಕನಿಗೆ ಕೊಡಬೇಕೆಂಬುದನ್ನು ಮರೆಯುತ್ತಿದ್ದ ಅಥವಾ ಅವನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ಷೇರ್‌ವೇರ್ ಎಂಬ ಮಾತು ಸಣ್ಣ ಅಕ್ಷರದಲ್ಲಿದ್ದರೆ, ಇಲ್ಲವೇ ಇರದಿದ್ದರೆ, ಮಾರಾಟಗಾರನಿಗೆ ದಕ್ಕಿದ ಪ್ರತಿ ಡಾಲರ್ ಲೇಖಕನಿಗೆ ಬರಬೇಕಾದ ಹತ್ತಾರು ಡಾಲರ್‌ಗಳಿಗೆ ಅಡ್ಡಗೋಡೆಯಾಗುತ್ತಿತ್ತು.

ಲೇಖಕರು ಇದಕ್ಕೆ ಕಂಡುಕೊಂಡ ಉಪಾಯವನ್ನು ಅಂದಿನ ಡಿಸ್ಕ್‌ಗಳಲ್ಲೇ ಕಾಣಬಹುದು. ಕಾರ್ಯಕ್ರಮದ ಕಡತದ ಪಕ್ಕದಲ್ಲಿ ‘ವೆಂಡರ್.ಡಾಕ್’ ಎಂಬ ಹೆಸರಿನ ಸರಳ ಪಠ್ಯ ಕಡತವೊಂದು ಇರುವುದು ವಾಡಿಕೆಯಾಯಿತು. ಇದು ಬಳಕೆದಾರನಿಗಲ್ಲ, ಮಾರಾಟಗಾರನಿಗೆ ಬರೆದದ್ದು. ಪ್ರತಿಗೆ ಹೆಚ್ಚೆಂದರೆ ಎಷ್ಟು ಶುಲ್ಕ ಪಡೆಯಬಹುದು, ಯಾವ ಯಾವ ಕಡತಗಳು ಒಟ್ಟಿಗೇ ಇರಬೇಕು, ಯಾವುದನ್ನೂ ತಿದ್ದಬಾರದು, ಇದು ಷೇರ್‌ವೇರ್ ಎಂದು ಗ್ರಾಹಕನಿಗೆ ಹೇಳಲೇಬೇಕು, ಹಳೆಯ ಆವೃತ್ತಿಯನ್ನು ಮಾರಬಾರದು ಎಂಬಂಥ ಷರತ್ತುಗಳು ಅದರಲ್ಲಿರುತ್ತಿದ್ದವು. ನೋಂದಣಿಯ ಅರ್ಜಿ ಇನ್ನೊಂದು ಕಡತದಲ್ಲಿ. ಅದನ್ನು ಮುದ್ರಿಸಿ, ತುಂಬಿಸಿ, ಚೆಕ್ ಜೊತೆಗಿಟ್ಟು ಕಳುಹಿಸಬೇಕಿತ್ತು. ಯಾರಾದರೂ ಮಾರಾಟಗಾರ ಡಿಸ್ಕಿನಲ್ಲಿ ಜಾಗ ಉಳಿಸಲು ಆ ಅರ್ಜಿಯ ಕಡತವನ್ನು ಕಿತ್ತುಹಾಕಿದರೆ ಲೇಖಕನ ಗಳಿಕೆಯ ದಾರಿಯೇ ಮುಚ್ಚಿದಂತೆ. ಕಡತಗಳೆಲ್ಲ ಒಟ್ಟಿಗಿರಬೇಕೆಂಬ ಹಟಕ್ಕೆ ಕಾರಣ ಇದು.

1987ರಲ್ಲಿ ಹುಟ್ಟಿದ ಷೇರ್‌ವೇರ್ ವೃತ್ತಿಪರರ ಸಂಘ, ಅಂದರೆ ಎಎಸ್‌ಪಿ, ಈ ಷರತ್ತುಗಳನ್ನು ಒಂದು ಸಾಮಾನ್ಯ ನಿಯಮಾವಳಿಯ ಮಟ್ಟಕ್ಕೆ ತಂದಿತು. ಸಂಘದ ಮಾನ್ಯತೆ ಬೇಕೆನ್ನುವ ಮಾರಾಟಗಾರ ತನ್ನ ಪಟ್ಟಿಯಲ್ಲಿ ಷೇರ್‌ವೇರ್‌ನ ಪರಿಕಲ್ಪನೆಯನ್ನು ಸ್ಪಷ್ಟವಾಗಿ ವಿವರಿಸಬೇಕಿತ್ತು. ಸದಸ್ಯರ ಮತ್ತು ಗ್ರಾಹಕರ ನಡುವಿನ ತಕರಾರು ಬಗೆಹರಿಸಲು ಮಧ್ಯಸ್ಥರೊಬ್ಬರೂ ಇದ್ದರು. ಕಾನೂನಿನ ಬಲವಿಲ್ಲದಿದ್ದರೂ ಆ ಉದ್ಯಮದಲ್ಲಿ ಸಭ್ಯ ವ್ಯಾಪಾರಿ ಯಾರು, ಪುಂಡ ಯಾರು ಎಂದು ಗುರುತಿಸಲು ಅದು ನೆರವಾಯಿತು.

ಸಿ.ಡಿ.ಯ ಕಾಲ

1990ರ ದಶಕದಲ್ಲಿ ಸಿ.ಡಿ.-ರಾಮ್ ಬಂದಾಗ ಲೆಕ್ಕವೇ ಬದಲಾಯಿತು. ಒಂದು ಫ್ಲಾಪಿಯಲ್ಲಿ ಎರಡು-ಮೂರು ಕಾರ್ಯಕ್ರಮ ಹಿಡಿಯುತ್ತಿದ್ದಲ್ಲಿ ಒಂದು ಸಿ.ಡಿ.ಯಲ್ಲಿ ಸಾವಿರಾರು ಹಿಡಿಯಿತು. ಲೇಖಕರನ್ನು ಕೇಳುವ ಗೋಜಿಗೇ ಹೋಗದೆ, ಹಳೆಯದು, ಕೆಟ್ಟದ್ದು, ಅರೆಬರೆ ಎನ್ನದೆ, ಸಿಕ್ಕಿದ್ದನ್ನೆಲ್ಲ ತುಂಬಿ ‘ಸಾವಿರ ಆಟಗಳು’ ಎಂದು ಮಾರುವ ಸಿ.ಡಿ.ಗಳು ಅಂಗಡಿಗಳನ್ನು ತುಂಬಿದವು.

ಇದೇ ಕಾಲದಲ್ಲಿ ಒಳ್ಳೆಯ ಮಾದರಿಯೂ ಇತ್ತು. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವಾಲ್ನಟ್ ಕ್ರೀಕ್ ಸಿ.ಡಿ.-ರಾಮ್ ಎಂಬ ಸಂಸ್ಥೆ ಸಿಮ್‌ಟೆಲ್ ಎಂಬ ತಂತ್ರಾಂಶ ಸಂಗ್ರಹವನ್ನೂ ಫ್ರೀಬಿಎಸ್‌ಡಿ, ಸ್ಲ್ಯಾಕ್‌ವೇರ್‌ಗಳಂಥ ಕಾರ್ಯಾಚರಣ ವ್ಯವಸ್ಥೆಗಳನ್ನೂ ಸಿ.ಡಿ.ಗಳಲ್ಲಿ ಮಾರಿತು. ಅದೇ ತಂತ್ರಾಂಶ ಸಂಸ್ಥೆಯ ತಾಣದಿಂದ ಯಾರಿಗಾದರೂ ಉಚಿತವಾಗಿಯೂ ಸಿಗುತ್ತಿತ್ತು. ಫ್ರೀಬಿಎಸ್‌ಡಿ ತಂಡಕ್ಕೆ ಕಂಪ್ಯೂಟರ್ ಮತ್ತು ವೇಗದ ಅಂತರಜಾಲ ಸಂಪರ್ಕ ಒದಗಿಸಿದ್ದೂ ಇದೇ ಸಂಸ್ಥೆ. ಕೊಂಡವನಿಗೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆಂದು ಗೊತ್ತಿತ್ತು. ಬರೆದವರಿಗೂ ಅದರಿಂದ ಲಾಭವಾಯಿತು.

ಕೆಲವು ಲೇಖಕರು ಮರುಮಾರಾಟವನ್ನು ತಾವಾಗಿಯೇ ಕರೆದುಕೊಂಡರು. ಆಟದ ಮೊದಲ ಕಂತನ್ನು ಬಿಟ್ಟಿ ಹಂಚಿ ಉಳಿದ ಕಂತುಗಳನ್ನು ಮಾರುವ ಪದ್ಧತಿಯನ್ನು ಅಪೋಜಿ ಸಂಸ್ಥೆಯ ಸ್ಕಾಟ್ ಮಿಲ್ಲರ್ ರೂಢಿಗೆ ತಂದರು. 1993ರ ಡಿಸೆಂಬರ್‌ನಲ್ಲಿ ಡೂಮ್ ಆಟವನ್ನು ಬಿಡುಗಡೆ ಮಾಡಿದ ಇಡ್ ಸಾಫ್ಟ್‌ವೇರ್ ಅದರ ಷೇರ್‌ವೇರ್ ಕಂತನ್ನು ಅಂಗಡಿಯವರು ಪೆಟ್ಟಿಗೆಯಲ್ಲಿಟ್ಟು ಮಾರಲು, ಬಂದ ಹಣವನ್ನು ಪೂರ್ತಿ ತಾವೇ ಇಟ್ಟುಕೊಳ್ಳಲು ಬಿಟ್ಟಿತು. ಇಡ್‌ಗೆ ಬೇಕಿದ್ದದ್ದು ಪ್ರಸಾರ. ಅಲ್ಲಿ ಅಂಗಡಿಯವರ ಲಾಭದಲ್ಲಿ ಯಾವ ತಪ್ಪೂ ಇರಲಿಲ್ಲ, ಏಕೆಂದರೆ ಲೇಖಕರ ಒಪ್ಪಿಗೆ ಮೊದಲೇ ಸಿಕ್ಕಿತ್ತು.

ನ್ಯಾಯಾಲಯದ ಮೆಟ್ಟಿಲು

ಲೇಖಕ ‘ಬೇಡ’ ಎಂದ ಮೇಲೂ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ 1990ರ ದಶಕದ ಮೂರು ಮೊಕದ್ದಮೆಗಳು ಉತ್ತರ ಕೊಟ್ಟವು.

ಮೊದಲನೆಯದು ಆಸ್ಟ್ರೇಲಿಯದ್ದು. ವಿಂಡೋಸ್ 3.1ರಲ್ಲಿ ಅಂತರಜಾಲ ಸಂಪರ್ಕಕ್ಕೆ ಬೇಕಾದ ಟಿಸಿಪಿ/ಐಪಿ ವ್ಯವಸ್ಥೆ ಇರಲಿಲ್ಲ. ಆ ಕೊರತೆ ತುಂಬಿದ್ದು ಟಾಸ್ಮೇನಿಯದ ಪೀಟರ್ ಟಾಟಮ್ ಬರೆದ ಟ್ರಂಪೆಟ್ ವಿನ್‌ಸಾಕ್. 25 ಡಾಲರ್ ನೋಂದಣಿ ಶುಲ್ಕದ ಈ ಷೇರ್‌ವೇರ್ ಜಗತ್ತಿನಾದ್ಯಂತ ಹರಡಿತು. ಓಝ್‌ಇಮೇಲ್ ಎಂಬ ಅಂತರಜಾಲ ಸಂಸ್ಥೆ ನಿಯತಕಾಲಿಕಗಳ ಜೊತೆ ಬಿಟ್ಟಿ ಡಿಸ್ಕ್ ಹಂಚಿ ಗ್ರಾಹಕರನ್ನು ಸೆಳೆಯಲು ಯೋಚಿಸಿ ಟಾಟಮ್ ಅವರ ಅನುಮತಿ ಕೇಳಿತು. ಅವರು ಒಪ್ಪಲಿಲ್ಲ. ಸಂಸ್ಥೆ ಆದರೂ ಹಂಚಿತು; ತನ್ನ ಅನುಕೂಲಕ್ಕೆ ತಕ್ಕಂತೆ ಕಡತಗಳನ್ನು ಬದಲಿಸಿಯೂ ಹಂಚಿತು. 1996ರಲ್ಲಿ ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ ಇದನ್ನು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದಿತು. ಷೇರ್‌ವೇರ್ ಹಂಚಲು ಕೊಟ್ಟ ಸಾಮಾನ್ಯ ಅನುಮತಿಯನ್ನು ಲೇಖಕ ಹಿಂತೆಗೆದುಕೊಳ್ಳಬಹುದು, ಹಂಚುವವರು ಇಡಿಯಾಗಿ, ತಿದ್ದದೆ ಹಂಚಬೇಕು ಎಂಬುದು ತೀರ್ಪಿನ ತಿರುಳು. ಇಲ್ಲಿ ಗಮನಿಸಬೇಕಾದ್ದು, ಓಝ್‌ಇಮೇಲ್ ಡಿಸ್ಕನ್ನು ಮಾರಿರಲಿಲ್ಲ. ಹಣ ಪಡೆಯದೆಯೂ ವ್ಯಾಪಾರದ ಲಾಭಕ್ಕಾಗಿ ಬಳಸಿಕೊಳ್ಳಬಹುದು ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಯಿತು. ಲಕ್ಷಾಂತರ ಜನ ಬಳಸಿದರೂ ಟಾಟಮ್ ಅವರಿಗೆ ಬಂದ ಹಣ ಬಳಕೆಗೆ ಹೋಲಿಸಿದರೆ ಅಲ್ಪ. 2011ರಲ್ಲಿ ಹಳೆಯ ಬಳಕೆದಾರರು ತಡವಾಗಿಯಾದರೂ ಋಣ ತೀರಿಸೋಣವೆಂದು ಅವರಿಗೆ ದೇಣಿಗೆ ಕಳುಹಿಸುವ ಅಭಿಯಾನ ನಡೆಸಿದರು.

ಎರಡನೆಯದು ಅಮೆರಿಕದ್ದು. ಟಾಸ್ಕ್‌ಮೇಕರ್, ಮ್ಯಾಕ್‌ಸ್ಕೀ ಎಂಬ ಷೇರ್‌ವೇರ್ ಆಟಗಳನ್ನು ಸ್ಟಾರ್ಮ್ ಇಂಪ್ಯಾಕ್ಟ್ ಸಂಸ್ಥೆ ಅಂತರಜಾಲದಲ್ಲಿ ಇಟ್ಟಿತ್ತು. ಲಾಭಕ್ಕಾಗಿ ಹಂಚಬಾರದೆಂದು ಕಡತದಲ್ಲೇ ಬರೆದಿತ್ತು. ಸಾಫ್ಟ್‌ವೇರ್ ಆಫ್ ದ ಮಂತ್ ಕ್ಲಬ್ ಎಂಬ ಸಂಸ್ಥೆ ಅವನ್ನು ತನ್ನ ಚಂದಾದಾರರ ಸಿ.ಡಿ.ಯಲ್ಲಿ ಸೇರಿಸಿ ಮಾರಿತು. ಇದು ನ್ಯಾಯಯುತ ಬಳಕೆ ಎಂಬ ಕ್ಲಬ್ಬಿನ ವಾದವನ್ನು ಇಲಿನಾಯ್‌ನ ಫೆಡರಲ್ ನ್ಯಾಯಾಲಯ 1998ರಲ್ಲಿ ತಳ್ಳಿಹಾಕಿತು. ಎಲ್ಲರ ಕೈಗೆ ಎಟಕುವಲ್ಲಿ ಇಟ್ಟ ಮಾತ್ರಕ್ಕೆ ಲೇಖಕ ತನ್ನ ಹಕ್ಕು ಬಿಟ್ಟುಕೊಟ್ಟಂತಾಗದು ಎಂಬುದು ಇದರಿಂದ ಖಚಿತವಾಯಿತು.

ಮೂರನೆಯದೂ 1998ರದೇ. ಡ್ಯೂಕ್ ನ್ಯೂಕೆಮ್ 3ಡಿ ಆಟಕ್ಕೆ ಅಭಿಮಾನಿಗಳು ರಚಿಸಿ ಬಿಟ್ಟಿ ಹಂಚಿದ್ದ 300 ಹಂತಗಳನ್ನು ಮೈಕ್ರೋ ಸ್ಟಾರ್ ಎಂಬ ಸಂಸ್ಥೆ ಸಿ.ಡಿ.ಗೆ ಇಳಿಸಿ ಮಾರಿತು. ಹೊಸ ಹಂತಗಳನ್ನು ಹಣ ಪಡೆಯದೆ ಹಂಚಬೇಕೆಂಬುದು ಆಟದ ಪರವಾನಗಿಯ ಷರತ್ತಾಗಿತ್ತು. ಒಂಬತ್ತನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ಆಟದ ಹಕ್ಕುದಾರರಾದ ಫಾರ್ಮ್‌ಜೆನ್ ಪರ ನಿಂತಿತು.

ಸ್ವತಂತ್ರ ತಂತ್ರಾಂಶ: ಮಾರುವುದೂ ಒಂದು ಹಕ್ಕು

ಸ್ವತಂತ್ರ ತಂತ್ರಾಂಶದ ಕಡೆ ಬಂದರೆ ನೈತಿಕತೆಯ ನೆಲೆಯೇ ಬೇರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು. 1985ರಲ್ಲಿ ತಾವೇ ಬರೆದ ಈಮ್ಯಾಕ್ಸ್ ಸಂಪಾದಕವನ್ನು ಟೇಪಿಗೆ ಇಳಿಸಿ 150 ಡಾಲರ್‌ಗೆ ಮಾರಿ ಜೀವನ ನಡೆಸಿದರು. ಅಂತರಜಾಲ ಸಂಪರ್ಕ ಇದ್ದವರಿಗೆ ಅದೇ ಈಮ್ಯಾಕ್ಸ್ ಪುಕ್ಕಟೆಯಾಗಿ ಸಿಗುತ್ತಿತ್ತು. ಅದೇ ವರ್ಷ ಅವರು ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು ಇಂದಿಗೂ ಅದೇ: ಸ್ವತಂತ್ರ ತಂತ್ರಾಂಶವನ್ನು ಎಷ್ಟು ಬೆಲೆಗೆ ಬೇಕಾದರೂ ಮಾರಬಹುದು, ಆದರೆ ಕೊಂಡವನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವಂತಿಲ್ಲ. 1998ರಲ್ಲಿ ರೂಪುಗೊಂಡ ಮುಕ್ತ ಆಕರ (ಓಪನ್ ಸೋರ್ಸ್) ವ್ಯಾಖ್ಯೆಯ ಮೊದಲ ಅಂಶವೂ ಮಾರಾಟವನ್ನು ತಡೆಯುವ ಪರವಾನಗಿ ಮುಕ್ತವಲ್ಲ ಎನ್ನುತ್ತದೆ.

ಹೆಚ್ಚು ಬಳಕೆಯಲ್ಲಿರುವ ಗ್ನೂ ಸಾರ್ವಜನಿಕ ಪರವಾನಗಿ, ಅಂದರೆ ಜಿಪಿಎಲ್, 1989ರಲ್ಲಿ ಮೊದಲು ಬಂತು. ಎರಡನೆಯ ಆವೃತ್ತಿ 1991ರಲ್ಲಿ, ಮೂರನೆಯದು 2007ರಲ್ಲಿ. ಇದರ ಪ್ರಕಾರ ಮಾರುವವನ ಹೊಣೆಗಳು ಸ್ಪಷ್ಟ. ಹಕ್ಕುಸ್ವಾಮ್ಯದ ಸೂಚನೆಗಳನ್ನು ಅಳಿಸಬಾರದು. ಪರವಾನಗಿಯ ಪ್ರತಿಯನ್ನು ಜೊತೆಗೆ ಕೊಡಬೇಕು. ಆಕರ ಸಂಕೇತವನ್ನು, ಅಂದರೆ ಲೇಖಕರು ಬರೆದ ಮೂಲ ಪಠ್ಯವನ್ನು, ಕೊಡಬೇಕು. ಕೂಡಲೇ ಕೊಡದಿದ್ದರೆ ಕನಿಷ್ಠ ಮೂರು ವರ್ಷ ಕೇಳಿದವರಿಗೆ ಖರ್ಚಿನ ಬೆಲೆಗೆ ಕೊಡುತ್ತೇನೆಂದು ಬರೆದುಕೊಡಬೇಕು. ಕೊಂಡವನು ಅದನ್ನು ಮತ್ತೆ ಹಂಚುವುದಕ್ಕೆ ಅಡ್ಡಿಪಡಿಸಬಾರದು.

ಈ ಹೊಣೆಗಳನ್ನು ಹೊತ್ತೇ ದೊಡ್ಡ ಉದ್ಯಮಗಳು ಬೆಳೆದಿವೆ. 1989ರಲ್ಲಿ ಶುರುವಾದ ಸಿಗ್ನಸ್ ಸಂಸ್ಥೆ ಗ್ನೂ ಕಂಪೈಲರ್‌ಗೆ ಬೆಂಬಲ ಸೇವೆ ಮಾರಿತು. ಲಿನಕ್ಸ್ ವಿತರಣೆಯಿಂದ ಬೆಳೆದ ರೆಡ್ ಹ್ಯಾಟ್ ಸಂಸ್ಥೆಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ರೆಡ್ ಹ್ಯಾಟ್ ಮಾರಿದ್ದರಲ್ಲಿ ಬಹುಪಾಲು ಬೇರೆಯವರೂ ಸೇರಿ ಬರೆದದ್ದು; ಆದರೆ ಪರೀಕ್ಷೆ, ಭದ್ರತಾ ತಿದ್ದುಪಡಿ, ದೀರ್ಘಕಾಲದ ನಿರ್ವಹಣೆ ಅದರದು, ಲಿನಕ್ಸ್ ತಿರುಳಿಗೆ ಅದರ ಕೊಡುಗೆಯೂ ದೊಡ್ಡದು. 2023ರ ಜೂನ್‌ನಲ್ಲಿ ಅದು ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಆಕರವನ್ನು ಗ್ರಾಹಕರಿಗಷ್ಟೇ ಕೊಡುವುದಾಗಿ ಹೇಳಿದಾಗ ವಾದ ತಿರುಗುಮುರುಗಾಯಿತು. ಏನನ್ನೂ ಸೇರಿಸದೆ ತನ್ನ ಕೆಲಸವನ್ನು ಮರುನಿರ್ಮಿಸಿ ಹಂಚುವವರ ಮೇಲೆ ರೆಡ್ ಹ್ಯಾಟ್‌ಗೆ ಸಿಟ್ಟು. ಹಂಚಿಕೆಯ ಮೇಲೆಯೇ ಬೆಳೆದ ಸಂಸ್ಥೆ ಬಾಗಿಲು ಮುಚ್ಚುತ್ತಿದೆಯೆಂದು ಹಾಗೆ ಮರುನಿರ್ಮಿಸಿದ ಆಲ್ಮಾ, ರಾಕಿ ಲಿನಕ್ಸ್‌ಗಳ ಬಳಕೆದಾರರಿಗೆ ಸಿಟ್ಟು. ಪ್ರತಿ ಪಡೆದವರಿಗೆ ಆಕರ ಕೊಟ್ಟರೆ ಸಾಕೆಂಬುದು ಜಿಪಿಎಲ್‌ನ ಅಕ್ಷರ. ಹಂಚಿದ ಗ್ರಾಹಕನ ಜೊತೆ ಮುಂದೆ ವ್ಯವಹಾರ ನಿಲ್ಲಿಸುತ್ತೇನೆ ಎಂಬ ರೆಡ್ ಹ್ಯಾಟ್‌ನ ಒಪ್ಪಂದ ಅದರ ಆಶಯಕ್ಕೆ ಹೊಂದುವುದೇ ಎಂಬ ಬಗ್ಗೆ ಒಮ್ಮತವಿಲ್ಲ.

ಪರವಾನಗಿಯನ್ನು ಗಾಳಿಗೆ ತೂರಿದಾಗ

ಸ್ವತಂತ್ರ ತಂತ್ರಾಂಶವನ್ನು ಉಪಕರಣದೊಳಗೆ ಅಡಗಿಸಿ ಮಾರುವುದು ಮರುಮಾರಾಟದ ಕಣ್ಣಿಗೆ ಬೀಳದ ರೂಪ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನೊಳಗೆ ಲಿನಕ್ಸ್ ಇರುವುದನ್ನು 2003ರಲ್ಲಿ ಬಳಕೆದಾರರು ಪತ್ತೆಹಚ್ಚಿದರು. ಒತ್ತಡಕ್ಕೆ ಮಣಿದು ಸಂಸ್ಥೆ ಆಕರ ಬಿಡುಗಡೆ ಮಾಡಿತು. ಅದರ ಮೇಲೆ ಬೆಳೆದದ್ದೇ ಇಂದು ನೂರಾರು ಬಗೆಯ ರೂಟರ್‌ಗಳಲ್ಲಿ ಓಡುವ ಓಪನ್‌ಡಬ್ಲ್ಯುಆರ್‌ಟಿ. ಲಿಂಕ್‌ಸಿಸ್‌ನ ಒಡೆತನ ಪಡೆದ ಸಿಸ್ಕೋ ಮೇಲೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರಲ್ಲಿ ಹೂಡಿದ ಮೊಕದ್ದಮೆ ಮರುವರ್ಷ ರಾಜಿಯಲ್ಲಿ ಮುಗಿಯಿತು. ಜರ್ಮನಿಯಲ್ಲಿ ಲಿನಕ್ಸ್ ಲೇಖಕರಲ್ಲಿ ಒಬ್ಬರಾದ ಹರಾಲ್ಡ್ ವೆಲ್ಟೆ 2004ರಲ್ಲಿ ಸೈಟ್‌ಕಾಮ್ ಎಂಬ ಸಂಸ್ಥೆಯ ವಿರುದ್ಧ ಮ್ಯೂನಿಕ್ ನ್ಯಾಯಾಲಯದಲ್ಲಿ ಗೆದ್ದರು. ಅಮೆರಿಕದಲ್ಲಿ 2007ರಿಂದ ಬಿಝಿಬಾಕ್ಸ್ ಎಂಬ ಸ್ವತಂತ್ರ ತಂತ್ರಾಂಶದ ಲೇಖಕರು ಸಾಲಾಗಿ ದಾವೆ ಹೂಡಿದರು.

2008ರ ಜೇಕಬ್ಸನ್–ಕ್ಯಾಟ್ಸರ್ ತೀರ್ಪು ಇವೆಲ್ಲಕ್ಕೆ ಬುನಾದಿಯಂತಿದೆ. ಆಟಿಕೆ ರೈಲುಗಳನ್ನು ಕಂಪ್ಯೂಟರಿನಿಂದ ಓಡಿಸುವ ಮುಕ್ತ ತಂತ್ರಾಂಶದ ಕಡತಗಳನ್ನು ಒಂದು ಸಂಸ್ಥೆ ಲೇಖಕರ ಹೆಸರು ಹೇಳದೆ ತನ್ನ ಸರಕಿನಲ್ಲಿ ಸೇರಿಸಿತ್ತು. ಪುಕ್ಕಟೆ ಹಂಚಿದ್ದಕ್ಕೆ ನಷ್ಟವೆಲ್ಲಿ ಎಂಬುದು ಕೆಳ ಹಂತದಲ್ಲಿ ಎದ್ದಿದ್ದ ಪ್ರಶ್ನೆ. ಹಣ ಕೇಳದಿದ್ದರೂ ಲೇಖಕ ಹಾಕಿದ ಷರತ್ತುಗಳಿಗೆ ಆರ್ಥಿಕ ಮೌಲ್ಯವಿದೆ, ಅವನ್ನು ಮುರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದು ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯ ಹೇಳಿತು.

ಈ ದಾವೆಗಳೆಲ್ಲ ಬರೆದವರ ಪರವಾಗಿ ಹೂಡಿದವು. 2021ರಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಕ್ಯಾಲಿಫೋರ್ನಿಯಾದಲ್ಲಿ ಟಿ.ವಿ. ತಯಾರಕ ವಿಝಿಯೊ ಮೇಲೆ ದಾವೆ ಹೂಡಿದ್ದು ಕೊಂಡವನ ಸ್ಥಾನದಲ್ಲಿ ನಿಂತು. ಹಣ ಕೊಟ್ಟು ಟಿ.ವಿ. ಕೊಂಡ ನಮಗೂ ಆಕರ ಕೇಳುವ ಹಕ್ಕಿದೆ ಎಂಬುದು ಅದರ ವಾದ. ಜಿಪಿಎಲ್‌ನ ನಿಜವಾದ ಫಲಾನುಭವಿ ಗ್ರಾಹಕ ಎಂಬ ಮಾತಿಗೆ ಇದು ಹೊಸ ತೂಕ ತಂದಿತು.

ಹೆಸರು, ಹೊದಿಕೆ, ಅಂಗಡಿ

ಪರವಾನಗಿಯ ಅಕ್ಷರವನ್ನು ಮುರಿಯದೆಯೂ ಗ್ರಾಹಕನನ್ನು ಮೋಸಗೊಳಿಸಬಹುದು. ಓಪನ್‌ಆಫೀಸ್, ವಿಎಲ್‌ಸಿ, ಗಿಂಪ್‌ನಂಥ ಜನಪ್ರಿಯ ತಂತ್ರಾಂಶಗಳನ್ನು ಬೇರೆ ಹೆಸರಿನಲ್ಲೋ ಅದೇ ಹೆಸರಿನ ನಕಲಿ ತಾಣದಲ್ಲೋ ಇಟ್ಟು, ಅವು ಉಚಿತವಾಗಿ ಸಿಗುತ್ತವೆ ಎಂಬುದನ್ನು ಮರೆಮಾಚಿ ಹಣ ಕೀಳುವುದು ಇದರ ಸಾಮಾನ್ಯ ರೂಪ. ಹಣ ಕೊಟ್ಟವನು ತೊಂದರೆ ಬಂದಾಗ ಮಾರಿದವನನ್ನು ಬಿಟ್ಟು ಸ್ವಯಂಸೇವಕರ ಬಳಿ ಹೋಗಿ ರೇಗುತ್ತಾನೆ. ಲಾಭ ಒಬ್ಬನದು, ಬೈಗುಳ ಇನ್ನೊಬ್ಬನದು.

ಇನ್ನೊಂದು ರೂಪದಲ್ಲಿ ಬೆಲೆಯೇ ಇಲ್ಲ. 2011ರ ಡಿಸೆಂಬರ್‌ನಲ್ಲಿ ಡೌನ್‌ಲೋಡ್.ಕಾಂ ತಾಣ ಎನ್‌ಮ್ಯಾಪ್ ಎಂಬ ಜಾಲ ಪರೀಕ್ಷಕ ತಂತ್ರಾಂಶಕ್ಕೆ ತನ್ನದೇ ಇನ್‌ಸ್ಟಾಲರ್ ಹೊದಿಸಿ, ಬ್ರೌಸರಿಗೆ ಟೂಲ್‌ಬಾರ್ ಅಂಟಿಸಿ, ಮುಖಪುಟವನ್ನೂ ಹುಡುಕಾಟದ ತಾಣವನ್ನೂ ಬದಲಿಸುವಂತೆ ಮಾಡಿದ್ದನ್ನು ಲೇಖಕ ಗಾರ್ಡನ್ ಲಯನ್ ಬಹಿರಂಗಪಡಿಸಿದರು. 2015ರ ಮೇನಲ್ಲಿ ಸೋರ್ಸ್‌ಫೋರ್ಜ್, ಗಿಂಪ್‌ನವರು ತೊರೆದುಹೋಗಿದ್ದ ಖಾತೆಯನ್ನು ತನ್ನ ವಶಕ್ಕೆ ತೆಗೆದುಕೊಂಡು ವಿಂಡೋಸ್ ಆವೃತ್ತಿಗೆ ಜಾಹೀರಾತು ತುಂಬಿದ ಹೊದಿಕೆ ಹಾಕಿತು. ವರ್ಷಗಟ್ಟಲೆ ಮುಕ್ತ ಯೋಜನೆಗಳ ನೆಲೆಯಾಗಿದ್ದ ತಾಣದ ಮೇಲಿನ ನಂಬಿಕೆ ಕುಸಿಯಿತು. 2016ರಲ್ಲಿ ಒಡೆತನ ಬದಲಾದ ಮೇಲೆ ಹೊಸ ಮಾಲೀಕರು ಮಾಡಿದ ಮೊದಲ ಕೆಲಸಗಳಲ್ಲಿ ಆ ಹೊದಿಕೆ ಯೋಜನೆಯನ್ನು ನಿಲ್ಲಿಸಿದ್ದೂ ಒಂದು.

ಪರವಾನಗಿ ತಡೆಯದ ಇಂಥ ಮೋಸಕ್ಕೆ ಯೋಜನೆಗಳು ಟ್ರೇಡ್‌ಮಾರ್ಕ್ ಮೊರೆಹೋಗುತ್ತವೆ. ಸಂಕೇತ ಎಲ್ಲರದು, ಹೆಸರು ಮಾತ್ರ ನಮ್ಮದು ಎಂಬ ನಿಲುವಿದು. ಇದಕ್ಕೂ ಮಿತಿಯುಂಟು. ಮೊಝಿಲ್ಲಾದ ಟ್ರೇಡ್‌ಮಾರ್ಕ್ ಷರತ್ತುಗಳಿಗೆ ಒಗ್ಗದೆ ಡೆಬಿಯನ್ 2006ರಿಂದ ಹಲವು ವರ್ಷ ಫೈರ್‌ಫಾಕ್ಸನ್ನು ಐಸ್‌ವೀಸಲ್ ಎಂಬ ಹೆಸರಿನಲ್ಲಿ ಹಂಚಬೇಕಾಯಿತು. ಪ್ರಾಮಾಣಿಕ ವಿತರಕನಿಗೂ ಹೆಸರಿನ ನಿಯಮ ತೊಡಕಾಗಬಲ್ಲದು.

ಆ್ಯಪ್ ಸ್ಟೋರ್‌ಗಳಲ್ಲಿ ಪ್ರಶ್ನೆ ಇನ್ನಷ್ಟು ಜಟಿಲ. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಸ್ಟೋರ್‌ನಲ್ಲಿ ಮುಕ್ತ ತಂತ್ರಾಂಶದಿಂದ ಲಾಭ ಮಾಡುವುದನ್ನು ನಿಷೇಧಿಸಲು ಹೊರಟಿತು. ಉದ್ದೇಶ ನಕಲಿ ಮಾರಾಟಗಾರರನ್ನು ತಡೆಯುವುದು. ಆದರೆ ಕ್ರಿಟಾದಂಥ ಚಿತ್ರರಚನಾ ತಂತ್ರಾಂಶದ ತಂಡ ತಾನೇ ಅದೇ ಸ್ಟೋರ್‌ನಲ್ಲಿ ಮಾರಿ ಬೆಳವಣಿಗೆಗೆ ಹಣ ಕೂಡಿಸುತ್ತಿತ್ತು. ನಕಲಿಗಳ ಜೊತೆಗೆ ಅಸಲಿಗೂ ಏಟು ಬೀಳುತ್ತದೆಂಬ ವಿರೋಧ ಎದ್ದಾಗ ಮೈಕ್ರೋಸಾಫ್ಟ್ ಜುಲೈನಲ್ಲಿ ಆ ವಾಕ್ಯವನ್ನು ಕೈಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಿಬ್ರೆಆಫೀಸ್‌ನ ಪೋಷಕ ಸಂಸ್ಥೆ ಡಾಕ್ಯುಮೆಂಟ್ ಫೌಂಡೇಶನ್ ಆ್ಯಪಲ್‌ನ ಮ್ಯಾಕ್ ಸ್ಟೋರ್‌ನಲ್ಲಿ ತನ್ನ ತಂತ್ರಾಂಶಕ್ಕೆ 8.99 ಯೂರೊ ಬೆಲೆ ಇಟ್ಟಿತು. ತನ್ನ ತಾಣದಲ್ಲಿ ಅದು ಉಚಿತ ಎಂಬುದನ್ನು ಮುಚ್ಚಿಡಲಿಲ್ಲ, ಹಣ ಎಲ್ಲಿಗೆ ಹೋಗುತ್ತದೆಂದೂ ತಿಳಿಸಿತು.

ಕ್ಲೌಡ್: ಪ್ರತಿಯೇ ಇಲ್ಲದ ಮಾರಾಟ

ಕ್ಲೌಡ್ ಸೇವೆಯಲ್ಲಿ ತಂತ್ರಾಂಶದ ಪ್ರತಿ ಗ್ರಾಹಕನ ಕೈಗೆ ಬರುವುದೇ ಇಲ್ಲ. ಅದು ಸಂಸ್ಥೆಯ ಕಂಪ್ಯೂಟರಿನಲ್ಲಿ ಓಡುತ್ತದೆ, ಗ್ರಾಹಕ ಬಾಡಿಗೆ ಕೊಡುತ್ತಾನೆ. ಪ್ರತಿ ಹಂಚಿದಾಗ ಆಕರ ಕೊಡಬೇಕೆಂಬ ಸಾಮಾನ್ಯ ಜಿಪಿಎಲ್ ಇಲ್ಲಿ ಮುಟ್ಟುವುದಿಲ್ಲ. ಈ ಕಂಡಿ ಮುಚ್ಚಲು 2007ರಲ್ಲಿ ಅಫೆರೋ ಜಿಪಿಎಲ್‌ನ ಮೂರನೆಯ ಆವೃತ್ತಿ ಬಂತು.

ಅಮೆಜಾನ್ 2015ರಲ್ಲಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶವನ್ನು ಸೇವೆಯಾಗಿ ಮಾರತೊಡಗಿತು. ಅದನ್ನು ಬರೆದ ಎಲಾಸ್ಟಿಕ್ ಸಂಸ್ಥೆ ಇದನ್ನು ಪುಕ್ಕಟೆ ಸವಾರಿ ಎಂದು ಕರೆದು 2021ರಲ್ಲಿ ಪರವಾನಗಿಯನ್ನೇ ಬಿಗಿಗೊಳಿಸಿತು. ಅಮೆಜಾನ್ ಹಳೆಯ ಆವೃತ್ತಿಯನ್ನು ಕವಲೊಡೆಸಿ ಓಪನ್‌ಸರ್ಚ್ ಕಟ್ಟಿತು. ದತ್ತಸಂಚಯ ತಂತ್ರಾಂಶಗಳಾದ ಮೊಂಗೊಡಿಬಿ 2018ರಲ್ಲಿ, ರೆಡಿಸ್ 2024ರಲ್ಲಿ ಪರವಾನಗಿ ಬಿಗಿಗೊಳಿಸುವ ಇದೇ ದಾರಿ ಹಿಡಿದವು. ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಅಫೆರೋ ಜಿಪಿಎಲ್ ಆಯ್ಕೆಯನ್ನು ಸೇರಿಸಿ ಮುಕ್ತ ಪಾಳೆಯಕ್ಕೆ ಮರಳಿದವು. ಅಮೆಜಾನ್ ಮಾಡಿದ್ದು ಪರವಾನಗಿ ಬಿಟ್ಟುಕೊಟ್ಟ ಕೆಲಸವನ್ನೇ. ಸಲ್ಲುವುದೆಲ್ಲ ಸರಿಯೇ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಪಡೆಯುವುದು ಮಾತ್ರ, ಕೊಡುವುದು ಏನೂ ಇಲ್ಲ ಎಂಬ ರೂಢಿಯ ಅಪಾಯ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಜಗತ್ತಿನ ಬ್ಯಾಂಕು, ಅಂಗಡಿ, ಸರ್ಕಾರಗಳೆಲ್ಲ ಬಳಸುತ್ತಿದ್ದ, ಸಂಪರ್ಕವನ್ನು ಗುಪ್ತವಾಗಿಡುವ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಕಂಡಾಗ, ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬ ಸತ್ಯವೂ ಹೊರಬಂತು.

ಭಾರತ ಮತ್ತು ಕನ್ನಡ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಸಂಪರ್ಕ ನಿಧಾನ, ಬೆಲೆ ದುಬಾರಿ. ಹೀಗಾಗಿ ನಿಯತಕಾಲಿಕೆಯ ಜೊತೆ ಬರುವ ಸಿ.ಡಿ.ಯೇ ಹೆಚ್ಚಿನವರಿಗೆ ದಾರಿ. 1990ರ ದಶಕದ ನಡುವಿನಿಂದ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿ.ಡಿ.ಗಳನ್ನು ಓದುಗರಿಗೆ ಮುಟ್ಟಿಸಿತು. ಈ ಪ್ರಯತ್ನದ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಂದೆ ಲಿನಕ್ಸ್ ಬೆಂಗಳೂರು ಸಮ್ಮೇಳನವನ್ನೂ ಅದರ ಮುಂದುವರಿಕೆಯಾದ ಫಾಸ್.ಇನ್ ಅನ್ನೂ ಕಟ್ಟಿದರು. ಪತ್ರಿಕೆಗೆ ಬೆಲೆಯಿತ್ತು, ಸಿ.ಡಿ.ಯೊಳಗಿನ ತಂತ್ರಾಂಶ ಸ್ವತಂತ್ರವಾಗಿಯೇ ಉಳಿಯಿತು.

ಕನ್ನಡ ಫಾಂಟುಗಳ ವಿಷಯದಲ್ಲಿ ನಿಯಮ ಸ್ವಲ್ಪ ಭಿನ್ನ. ಲೋಹಿತ್ ಕನ್ನಡ, ನೋಟೊ ಸಾನ್ಸ್ ಕನ್ನಡ ಮೊದಲಾದವು ಬಳಸುವ ಓಪನ್ ಫಾಂಟ್ ಲೈಸೆನ್ಸ್ ಪ್ರಕಾರ ಫಾಂಟನ್ನು ಒಂಟಿಯಾಗಿ ಮಾರುವಂತಿಲ್ಲ. ಬೇರೊಂದು ತಂತ್ರಾಂಶದ ಜೊತೆ ಸೇರಿಸಿ ಮಾರಬಹುದು. ಡಿ.ಟಿ.ಪಿ. ತಂತ್ರಾಂಶದೊಳಗೆ, ಫೋನಿನೊಳಗೆ ಅವು ಬಂದರೆ ಅಡ್ಡಿಯಿಲ್ಲ. ಅವನ್ನಷ್ಟೇ ಸಿ.ಡಿ.ಗೆ ಹಾಕಿ ‘ಕನ್ನಡ ಫಾಂಟುಗಳು’ ಎಂದು ಬೆಲೆ ಪಡೆದರೆ ಪರವಾನಗಿ ಮುರಿದಂತೆ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿಗಳ ನಂತರ ಕಂಪ್ಯೂಟರ್ ಕ್ರಮವಿಧಿಯನ್ನು ಸಾಹಿತ್ಯಕೃತಿಯ ಸಾಲಿಗೆ ಸೇರಿಸಿದೆ. ಅದರ 57ನೆಯ ಕಲಮು ಲೇಖಕನಿಗೆ ಕರ್ತೃತ್ವ ಹೇಳಿಕೊಳ್ಳುವ ವಿಶೇಷ ಹಕ್ಕು ಕೊಡುತ್ತದೆ. ದಾರಿ ತಪ್ಪಿಸುವ ಜಾಹೀರಾತಿನಿಂದ ಮೋಸಹೋದ ಕೊಳ್ಳುಗನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆಯಿದೆ. ಇನ್ನು ಮರಳಿ ಕೊಡುವ ಮಾದರಿಗೆ ಬೆಂಗಳೂರಿನ ಝೆರೋಧಾ ಸಂಸ್ಥೆಯ ಫ್ಲಾಸ್/ಫಂಡ್ ಉದಾಹರಣೆ: ಮುಕ್ತ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೆರವು ನೀಡುವುದಾಗಿ ಅದು 2024ರಲ್ಲಿ ಘೋಷಿಸಿತು.

ವಾದಗಳು ಮತ್ತು ಒರೆಗಲ್ಲು

ಮರುಮಾರಾಟದ ಬಗ್ಗೆ ಮೂರು ನಿಲುವುಗಳಿವೆ. ಮೊದಲನೆಯದು ಒಪ್ಪಿಗೆಯ ನಿಲುವು: ಕೃತಿ ಬರೆದವನದು, ಅವನ ಷರತ್ತೇ ಕೊನೆಯ ಮಾತು. ಷೇರ್‌ವೇರ್ ಲೇಖಕರೆಲ್ಲ ನಿಂತದ್ದು ಇಲ್ಲಿ. ಎರಡನೆಯದು ಸ್ವಾತಂತ್ರ್ಯದ ನಿಲುವು: ಬೆಲೆ ಮುಖ್ಯವಲ್ಲ, ಕೊಂಡವನಿಗೆ ತಿದ್ದುವ, ಹಂಚುವ ಹಕ್ಕು ಉಳಿಯಿತೇ ಎಂಬುದು ಮುಖ್ಯ. ಇದು ಸ್ಟಾಲ್‌ಮನ್ ಅವರ ದಾರಿ. ಮೂರನೆಯದು ಋಣದ ನಿಲುವು: ಸಮುದಾಯದಿಂದ ಪಡೆದು ಲಾಭ ಮಾಡಿದವನು ಹಣವನ್ನೋ ದುಡಿಮೆಯನ್ನೋ ಮರಳಿ ಕೊಡಬೇಕು.

ಅರವಟ್ಟಿಗೆಯ ನೀರನ್ನು ಕೊಡಗಟ್ಟಲೆ ತುಂಬಿಸಿಕೊಂಡು ಹೋಗಿ ಮಾರುವವನಿಂದ ದಾರಿಹೋಕರಿಗೆ ನೀರು ಕಡಿಮೆಯಾಗುತ್ತದೆ. ತಂತ್ರಾಂಶ ಹಾಗಲ್ಲ, ಎಷ್ಟು ಪ್ರತಿ ಮಾರಿದರೂ ಮೂಲ ಕರಗುವುದಿಲ್ಲ. ಕರಗುವುದು ಅದನ್ನು ನೋಡಿಕೊಳ್ಳುವವರ ಸಮಯ ಮತ್ತು ಬಳಸುವವರ ನಂಬಿಕೆ. ಹೀಗಾಗಿ ಮೊದಲ ಎರಡು ನಿಲುವುಗಳನ್ನು ಪರವಾನಗಿಯಲ್ಲಿ ಬರೆಯಲು ಸಾಧ್ಯವಾಗಿದೆ. ಮೂರನೆಯದನ್ನು ಬರೆಯಹೊರಟಾಗಲೆಲ್ಲ ತಂತ್ರಾಂಶದ ಮುಕ್ತತೆಗೇ ಪೆಟ್ಟು ಬಿದ್ದಿದೆ. ಮೊಂಗೊಡಿಬಿಯ ಹೊಸ ಪರವಾನಗಿ ಮುಕ್ತ ಆಕರದ್ದಲ್ಲವೆಂದು ಓಪನ್ ಸೋರ್ಸ್ ಇನಿಶಿಯೇಟಿವ್ ಹೇಳಿದ್ದು ಇದಕ್ಕೇ. ಋಣ ತೀರಿಸುವುದನ್ನು ಕಾನೂನಿಗಿಂತ ಸಂಸ್ಥೆಯ ಸೌಜನ್ಯಕ್ಕೆ ಬಿಡುವುದು ಅನಿವಾರ್ಯ, ಆದರೆ ಸೌಜನ್ಯ ಇಲ್ಲದವನನ್ನು ಹೆಸರಿಸಿ ಟೀಕಿಸಲು ಯಾವ ಪರವಾನಗಿಯೂ ಬೇಕಿಲ್ಲ.

ನಾಲ್ಕು ದಶಕಗಳ ಪ್ರಕರಣಗಳನ್ನು ಒಟ್ಟಿಗೆ ನೋಡಿದರೆ ಒಂದು ಒರೆಗಲ್ಲು ಸಿಗುತ್ತದೆ. ಬರೆದವನು ಹಾಕಿದ ಷರತ್ತು ಪಾಲನೆಯಾಗಿದೆಯೇ? ಬರೆದವರು ಯಾರು, ಬೇರೆಲ್ಲಿ ಉಚಿತವಾಗಿ ಸಿಗುತ್ತದೆ ಎಂಬುದು ಕೊಳ್ಳುವವನಿಗೆ ತಿಳಿದಿದೆಯೇ? ಪಡೆದ ಹಣಕ್ಕೆ ಬದಲಾಗಿ ಮಾರುವವನು ಡಿಸ್ಕನ್ನೋ ಬೆಂಬಲವನ್ನೋ ನಿರ್ವಹಣೆಯನ್ನೋ ನಿಜವಾಗಿ ಕೊಟ್ಟಿದ್ದಾನೆಯೇ? ಮೂರಕ್ಕೂ ಹೌದೆನ್ನಬಲ್ಲ ಮಾರಾಟ, ಬೆಲೆ ಎಷ್ಟೇ ಇರಲಿ, ತಪ್ಪಲ್ಲ. ವಾಲ್ನಟ್ ಕ್ರೀಕ್, ಡೂಮ್ ಮಾರಿದ ಅಂಗಡಿಗಳು, ಲಿಬ್ರೆಆಫೀಸ್ ಈ ಸಾಲಿನವು. ಮೊದಲ ಪ್ರಶ್ನೆಗೆ ಇಲ್ಲವೆಂದರೆ ಅದು ಕಾನೂನಿನ ದೃಷ್ಟಿಯಲ್ಲೇ ತಪ್ಪು. ಎರಡನೆಯದಕ್ಕೆ ಇಲ್ಲವೆಂದರೆ, ಪರವಾನಗಿ ಎಷ್ಟೇ ಸಡಿಲವಾಗಿದ್ದರೂ ಅದು ವಂಚನೆಯೇ. ತಂತ್ರಾಂಶಕ್ಕೆ ಹಣ ಕಟ್ಟುವ ಮೊದಲು ಅದನ್ನು ಬರೆದ ತಂಡದ ಅಧಿಕೃತ ತಾಣವನ್ನೊಮ್ಮೆ ನೋಡಿದರೆ ಇಂಥ ಬಹುಪಾಲು ವಂಚನೆಗಳಿಂದ ಪಾರಾಗಬಹುದು. ಕೊಡುವ ಮನಸ್ಸಿದ್ದರೆ ಆ ಹಣವನ್ನು ನೇರವಾಗಿ ಅಲ್ಲಿಗೇ ಕಳುಹಿಸಬಹುದು.